ಸರ್ಕಾರಿ ವಿದ್ಯಾಪೀಠ: ಖರ್ಚೆಷ್ಟು, ಗಳಿಕೆ ಎಷ್ಟು?

(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ. ಸ್ಮರಣ ಸಂಚಿಕೆಗಾಗಿ ಬರೆದು ಕೊಟ್ಟದ್ದು.)



ಈ ವರ್ಷ ನಮ್ಮ ವಸ್ತಿಯಿಂದ ಹನ್ನೊಂದು ಮಕ್ಕಳು ಬಾರಾವಿ ಪಾಸಾಗಿದ್ದಾರೆ. ಆರು ಹುಡುಗಿಯರು, ಐದು ಹುಡುಗರು. ಈಗಷ್ಟೇ ಅವರಿಗೆಲ್ಲ ಶಾಲು ಹೊದಿಸಿ ಸತ್ಕಾರ ಮಾಡಿದೆವು. ಸಭೆ ಸುರುವಾಗೋಕಿಂತ ಮೊದಲೇ ಅವರಲ್ಲಿ ನಾಲ್ಕು ಮಕ್ಕಳ ತಂದೆತಾಯಿ ಸಮಾಜಮಂದಿರದ ಹೊರಗೆ ನನ್ನನ್ನು ಹಿಡಿದು ನಿಲ್ಲಿಸಿದ್ದರು. ಎಲ್ಲರ ಪ್ರಶ್ನೆ ಒಂದೇ. "ಸರ್ಕಾರಿ ಕಾಲೇಜಿಗೆ ಹಾಕಿದ್ರ ಮುಂದ ನೌಕ್ರಿ ಹತ್ತತದೇನ್ರಿ? ಇಲ್ಲಾಂದ್ರ ಸಾಲ ಮಾಡಿ ಪುಣೇದಾಗ ಪ್ರೈವೇಟಿಗೆ ಹಾಕೋಣೇನ್ರಿ?" ಒಬ್ಬ ತಾಯಿ ಕಿವಿಯ ಬೆಂಡೋಲಿ ಮುಟ್ಟಿಕೊಂಡೇ ಕೇಳಿದರು. ಇದು ಹೌದು, ಅಲ್ಲ ಅಂತ ನಿಂತ ಕಾಲಲ್ಲಿ ಹೇಳುವ ಮಾತಲ್ಲ. ಕೂತು ಲೆಕ್ಕ ಹಾಕಬೇಕು. ಆ ಲೆಕ್ಕವನ್ನು ನಿಮ್ಮೆಲ್ಲರ ಮುಂದೆ ಹಾಕಲಿಕ್ಕೆ ಹೊರಟಿದ್ದೇನೆ. ಸ್ವಲ್ಪ ಉದ್ದ ಆದೀತು, ತಡ್ಕೋರಿ.

ನಾನು ಸೊಲ್ಲಾಪುರದ ಒಂದು ಅನುದಾನಿತ ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುವವನು ಅಂತ ನಿಮಗೆ ಗೊತ್ತು. ಪುಸ್ತಕ ಕೊಡೋದು, ತಗೊಳ್ಳೋದು. ಅದರ ಜೊತೆ ಇನ್ನೊಂದು ಕೆಲಸ ಇದೆ. ಯಾರಾದರೂ ಕಾಲೇಜು ಬಿಟ್ಟು ದಾಖಲಾ ಒಯ್ಯಬೇಕಾದರೆ "ಗ್ರಂಥಾಲಯದ ಬಾಕಿ ಇಲ್ಲ" ಅಂತ ನನ್ನ ಸಹಿ ಬೇಕು. ನೋ ಡ್ಯೂಜ್ ಅಂತಾರಲ್ಲ, ಅದು. ಮೂರು ವರ್ಷ ಮುಗಿಸಿ ಬರುವವರು ಮೇ, ಜೂನ್‌ನಲ್ಲಿ ನಗುತ್ತಾ ಬರುತ್ತಾರೆ. ಡಿಸೆಂಬರ್, ಜನವರಿಯಲ್ಲಿ ಬರುವವರು ಬೇರೆ. ಅವರು ನಡುವೆ ಬಿಟ್ಟು ಹೋಗುವವರು. ಸಹಿ ಮಾಡುವಾಗ ನಾನು ಕೇಳಿಯೇ ಕೇಳುತ್ತೇನೆ, "ಯಾಕಪಾ, ಯಾಕ ಬಿಡ್ತಿ?" ಫೀ ಕಟ್ಟಲಾರದೆ ಬಿಟ್ಟೆ ಅಂದವರು ಬಲು ಕಡಿಮೆ. ಬಸ್ಸಿನ ಪಾಸ್ ತೆಗಿಸಾಕ ರೊಕ್ಕ ಇರಲಿಲ್ಲ ಅಂತಾರೆ. ಮೆಸ್ಸಿನವನು ಡಬ್ಬಾ ನಿಲ್ಲಿಸಿದ ಅಂತಾರೆ. ಅಪ್ಪನ ಜೊತೆ ಕಬ್ಬು ಕಡಿಯಲಿಕ್ಕೆ ಹೋಗಬೇಕು ಅಂತಾರೆ. ತಂಗಿ, ಅಕ್ಕ ಆದರೆ "ಬೀಗರು ನೋಡಿ ಹೋಗ್ಯಾರ್ರಿ ಸರ್" ಅಂದು ತಲೆ ಕೆಳಗೆ ಹಾಕುತ್ತಾರೆ. ಶಿಷ್ಯವೃತ್ತಿ ಬರೋದಿತ್ತಲ್ಲ ಅಂದರೆ ಎಲ್ಲರದ್ದೂ ಒಂದೇ ಉತ್ತರ: "ಇನ್ನಾ ಬಂದಿಲ್ರಿ."

ಅದಕ್ಕೇ ಖರ್ಚಿನ ಲೆಕ್ಕ ಹಾಕುವಾಗ ಫೀ ಎಷ್ಟು ಅನ್ನುವಲ್ಲಿಂದ ಸುರು ಮಾಡಬ್ಯಾಡ್ರಿ.

ಮೊದಲು ನಿಮ್ಮ ಮನೆಯ ದುಡಿಮೆಯಿಂದ ಸುರು ಮಾಡೋಣ. 2024-25 ರಲ್ಲಿ ಮಹಾರಾಷ್ಟ್ರದಲ್ಲಿ ರೋಜಗಾರ ಹಮಿಯ ದಿನಗೂಲಿ 297 ರೂಪಾಯಿ. ಹದಿನೆಂಟು ತುಂಬಿದ ಹುಡುಗ ವರ್ಷಕ್ಕೆ 200 ದಿನ ಇದೇ ಕೂಲಿಗೆ ದುಡಿದ ಅಂತ ಹಿಡಿಯಿರಿ. 59,400 ರೂಪಾಯಿ. ಮೂರು ವರ್ಷಕ್ಕೆ 1,78,200. ಅವನು ಕಾಲೇಜಿಗೆ ಹೋದರೆ ಈ ರೊಕ್ಕ ಮನೆಗೆ ಬರುವುದಿಲ್ಲ. ಇದನ್ನು ಯಾವ ಕಾಲೇಜಿನ ಮಾಹಿತಿ ಪುಸ್ತಕದಲ್ಲೂ ಅಚ್ಚು ಹಾಕುವುದಿಲ್ಲ, ಆದರೆ ನಮ್ಮ ಮನೆಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡ ಖರ್ಚು. ಅನುದಾನಿತ ಕಾಲೇಜಿನ ಬಿ.ಎ., ಬಿ.ಕಾಂ. ಫೀ ಇದರ ಮುಂದೆ ಏನೂ ಅಲ್ಲ.

ಇನ್ನು ಶಿಷ್ಯವೃತ್ತಿ. ಭಾರತ ಸರ್ಕಾರದ ಪೋಸ್ಟ್ ಮ್ಯಾಟ್ರಿಕ್ ಶಿಷ್ಯವೃತ್ತಿ 1944 ರಲ್ಲಿ ಸುರುವಾದದ್ದು. ಆಗ ಬಾಬಾಸಾಹೇಬರು ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆಯ ಸದಸ್ಯರಾಗಿದ್ದರು. ಮನೆಯ ವಾರ್ಷಿಕ ಉತ್ಪನ್ನ ಎರಡೂವರೆ ಲಕ್ಷದ ಒಳಗಿದ್ದರೆ ಕಡ್ಡಾಯದ ಫೀ ಅದರಲ್ಲಿ ಬರುತ್ತದೆ, ಮೇಲೆ ನಿರ್ವಾಹ ಭತ್ತೆ ಬರುತ್ತದೆ. 2021 ರ ನಿಯಮದ ಪ್ರಕಾರ ಸಾದಾ ಪದವಿ ಓದುವವನು ಮನೆಯಿಂದ ಓಡಾಡಿದರೆ ಆ ಭತ್ತೆ ವರ್ಷಕ್ಕೆ 3,000, ವಸತಿಗೃಹದಲ್ಲಿದ್ದರೆ 6,000. ಕೂಲಿಯ ಲೆಕ್ಕದಲ್ಲಿ ನೋಡಿರಿ: 3,000 ಅಂದರೆ ಹತ್ತು ದಿನದ ಕೂಲಿ. ವರ್ಷವಿಡೀ ಓದಲಿಕ್ಕೆ ಹತ್ತು ದಿನದ ಕೂಲಿ! ಎಂಜಿನಿಯರಿಂಗ್, ವೈದ್ಯಕೀಯದಂಥ ಪದವಿಗೆ ವಸತಿಗೃಹದಲ್ಲಿದ್ದರೆ 13,500. ಅದೂ ನಲವತ್ತೈದು ದಿನದ ಕೂಲಿಯೇ.

ಆದರೆ ಇದೇ ರಾಜ್ಯದಲ್ಲಿ ಇನ್ನೊಂದು ಯೋಜನೆ ಇದೆ. ನಮ್ಮ ಎಷ್ಟೋ ಮನೆಗಳಿಗೆ ಅದರ ಹೆಸರೇ ಗೊತ್ತಿಲ್ಲ. ಡಾ. ಬಾಬಾಸಾಹೇಬ ಆಂಬೇಡ್ಕರ್ ಸ್ವಾಧಾರ ಯೋಜನೆ, 2016-17 ರಿಂದ ಇದೆ. ಊರು ಬಿಟ್ಟು ಬೇರೆ ಊರಿನಲ್ಲಿ ಓದುತ್ತಿದ್ದು, ಸಮಾಜಕಲ್ಯಾಣದ ಸರ್ಕಾರಿ ವಸತಿಗೃಹದಲ್ಲಿ ಜಾಗ ಸಿಗದ ಪರಿಶಿಷ್ಟ ಜಾತಿಯ ಮತ್ತು ನವಬೌದ್ಧ ಮಕ್ಕಳಿಗೆ ಊಟ, ಖೋಲಿ ಭಾಡಾ, ಇತರ ಖರ್ಚಿಗೆ ರೊಕ್ಕ ನೇರ ಖಾತೆಗೆ ಹಾಕುತ್ತಾರೆ. ಮುಂಬೈ, ಪುಣೆಯಂಥ ಶಹರಕ್ಕೆ ವರ್ಷಕ್ಕೆ 60,000. ಜಿಲ್ಹಾ ಸ್ಥಳದ ದರ 43,000. ಅದು 145 ದಿನದ ಕೂಲಿ. ಹತ್ತು ದಿನ ಎಲ್ಲಿ, 145 ದಿನ ಎಲ್ಲಿ? ಅಂಕದ ಶರತ್ತು ಇದೆ, ಹಾಜರಿಯ ಶರತ್ತು ಇದೆ. ಆ ವರ್ಷದ ಶರತ್ತು ಏನು ಅಂತ ಸಮಾಜಕಲ್ಯಾಣ ಕಚೇರಿಯಲ್ಲೇ ಕೇಳಬೇಕು, ಚಹಾ ಅಂಗಡಿಯಲ್ಲಿ ಅಲ್ಲ. ಒಂದು ಮಾತು ನೆನಪಿಡಿ: ಮೊದಲು ಸರ್ಕಾರಿ ವಸತಿಗೃಹಕ್ಕೆ ಅರ್ಜಿ ಹಾಕಿರಬೇಕು. ಅಲ್ಲಿ ಜಾಗ ಸಿಕ್ಕರೆ ಊಟ, ವಾಸ್ತವ್ಯ ಪುಕ್ಕಟೆ. ಸಿಗದಿದ್ದರೆ ಸ್ವಾಧಾರ. ಅಲ್ಲಿಗೆ ಅರ್ಜಿಯನ್ನೇ ಹಾಕದೆ ಸೀದಾ ಖೋಲಿ ಹಿಡಿದು ಕೂತರೆ ಎರಡೂ ಕೈ ತಪ್ಪುತ್ತವೆ.

ಬಸ್ಸು. ಎಸ್.ಟಿ.ಯ ವಿದ್ಯಾರ್ಥಿ ಪಾಸಿಗೆ ಮೂರರಲ್ಲಿ ಒಂದು ಪಾಲು ಕಟ್ಟಿದರೆ ಸಾಕು, ಎರಡು ಪಾಲು ಸವಲತ್ತು. ಹುಡುಗಿಯರಿಗೆ ಬಾರಾವಿ ತನಕ ಪಾಸ್ ಪುಕ್ಕಟೆ ಇತ್ತು, ಪದವಿಗೆ ಹೋದ ಕೂಡಲೇ ಅದು ನಿಲ್ಲುತ್ತದೆ. ಮೊದಲ ವರ್ಷದಲ್ಲೇ ಹುಡುಗಿಯರು ಬಿಡುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ. ವಿದ್ಯಾಪೀಠದ ಆವರಣದಲ್ಲೇ ಎಂ.ಎ., ಎಂ.ಎಸ್ಸಿ. ಮಾಡುವವರಿಗೆ ಇನ್ನೊಂದು ತಾಪತ್ರಯ. ಅದು ಇರೋದು ಪುಣೆ ರಸ್ತೆಯ ಕೇಗಾಂವದಲ್ಲಿ, ನಮಗೆ ಸೊಲ್ಲಾಪುರದ ಆಚೆ ಮಗ್ಗಲು. ಅಕ್ಕಲಕೋಟೆಯಿಂದ ಒಂದು ಬಸ್ಸು, ಸ್ಟ್ಯಾಂಡಿನಿಂದ ಇನ್ನೊಂದು. ಮೈಂದರ್ಗಿ, ದುಧನಿ ಕಡೆಯವರಿಗೆ ಮೂರು. ಹಿಂಗಿದ್ದರೂ ಹಿರಿಯರಿಗೆ ನೆನಪಿರಬೇಕು, 2004 ಕ್ಕಿಂತ ಮೊದಲು ನಮಗೆ ವಿದ್ಯಾಪೀಠ ಅಂದರೆ ಕೊಲ್ಹಾಪುರದ ಶಿವಾಜಿ ವಿದ್ಯಾಪೀಠ. ಒಂದು ಗುಣಪತ್ರಿಕೆ ದುರುಸ್ತಿಗೂ ಅಲ್ಲಿ ತನಕ ಹೋಗಬೇಕಿತ್ತು. ಒಂದೇ ಜಿಲ್ಹಾಕ್ಕೆ ಒಂದು ವಿದ್ಯಾಪೀಠ ಯಾಕೆ ಅಂತ ನಕ್ಕವರಿದ್ದರು. ನಮ್ಮಂಥವರಿಗೆ ಅದರ ಬೆಲೆ ಬಸ್ಸಿನ ತಿಕೀಟಿನಲ್ಲಿ ಗೊತ್ತಾಗುತ್ತದೆ.

ಸರ್ಕಾರಿ ಅಂತ ಫಲಕ ಇದ್ದ ಮಾತ್ರಕ್ಕೆ ಎಲ್ಲ ಅಗ್ಗ ಅಂತಲೂ ತಿಳಿಯಬೇಡಿ. ಒಂದೇ ಕಾಲೇಜಿನ ಒಂದೇ ಕಟ್ಟಡದಲ್ಲಿ ಅನುದಾನಿತ ತುಕಡಿ ಬೇರೆ, ವಿನಾ ಅನುದಾನಿತ ತುಕಡಿ ಬೇರೆ. ಬಾಗಿಲು ಒಂದೇ, ಫೀ ಎರಡು. ಹೆಸರು ನೋಂದಿಸುವ ಮೊದಲು "ಇದು ಯಾವ ತುಕಡಿ?" ಅಂತ ಬಾಯಿ ಬಿಟ್ಟು ಕೇಳ್ರಿ. ನಮ್ಮ ಮಗ್ಗಲಿನ ತುಳಜಾಪುರದಲ್ಲಿ ಕ್ಯಾಂಪಸ್ ಇರುವ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ 2018 ರ ಫೆಬ್ರುವರಿಯಲ್ಲಿ ಮಕ್ಕಳು ಮುಷ್ಕರಕ್ಕೆ ಕೂತರು. ಯಾಕೆ? ಪೋಸ್ಟ್ ಮ್ಯಾಟ್ರಿಕ್ ಶಿಷ್ಯವೃತ್ತಿಯ ಮಕ್ಕಳಿಗೆ ಇದ್ದ ಫೀ ವಿನಾಯಿತಿ ನಿಲ್ಲಿಸಿ, ಮೊದಲು ಕಟ್ಟಿರಿ, ಆಮೇಲೆ ಸರ್ಕಾರದಿಂದ ಬಂದಾಗ ತಗೊಳ್ಳಿರಿ ಅಂದದ್ದಕ್ಕೆ. ಮೊದಲು ಕಟ್ಟಲಿಕ್ಕೆ ರೊಕ್ಕ ಇದ್ದವನಿಗೆ ಶಿಷ್ಯವೃತ್ತಿ ಯಾಕೆ ಬೇಕಿತ್ತು?

ಇದೇ ಮಾತು ನಮ್ಮ ಕಡೆಯ ಕಾಲೇಜುಗಳಲ್ಲೂ ನಡೆಯುತ್ತದೆ. ಪ್ರವೇಶ ಜೂನ್, ಜುಲೈನಲ್ಲಿ. ಮಹಾಡಿಬಿಟಿಯಲ್ಲಿ ಅರ್ಜಿ ತುಂಬುವುದು ಅದರ ಮೇಲೆ. ರೊಕ್ಕ ಖಾತೆಗೆ ಬೀಳುವುದು ಅದಕ್ಕಿಂತ ಎಷ್ಟೋ ತಿಂಗಳ ಮೇಲೆ, ಒಮ್ಮೊಮ್ಮೆ ಮುಂದಿನ ವರ್ಷ. ಶಿಷ್ಯವೃತ್ತಿ ಬಂದಿಲ್ಲ ಅಂತ ಒಂದು ಕಾಲೇಜು ನಮ್ಮ ಓಣಿಯ ಹುಡುಗಿಯ ಗುಣಪತ್ರಿಕೆಯನ್ನೇ ತಡೆದು ಇಟ್ಟಿತ್ತು. ಅವಳ ಅಪ್ಪ ಮೂರು ಸಲ ಕೂಲಿ ಬಿಟ್ಟು ಹೋದರು. ಕೇಂದ್ರದ ನಿಯಮದಲ್ಲೇ ಫ್ರೀಶಿಪ್ ಕಾರ್ಡ್ ಅಂತ ಇದೆ: ಮುಂಗಡ ಫೀ ಕಟ್ಟದೆ ಪ್ರವೇಶ, ಶಿಷ್ಯವೃತ್ತಿ ಬಂದ ಮೇಲೆ ಕಟ್ಟುತ್ತೇನೆ ಅನ್ನುವ ಒಪ್ಪಿಗೆ. ಈಗ ಕೇಂದ್ರದ ಪಾಲು, ನೂರಕ್ಕೆ 60, ನೇರ ವಿದ್ಯಾರ್ಥಿಯ ಖಾತೆಗೇ ಬರುತ್ತದೆ. ಬಂದ ರೊಕ್ಕದಲ್ಲಿ ಕಾಲೇಜಿನ ಪಾಲು ಕಾಲೇಜಿಗೆ ಕಟ್ಟಬೇಕು. ಮೊಬೈಲಿನಲ್ಲಿ ಮೆಸೇಜು ಬಂತು ಅಂತ ಖುಷಿಯಾಗಿ ಮೋಟರ್‌ಸೈಕಲ್ಲಿಗೆ ಮುಂಗಡ ಕೊಟ್ಟವರನ್ನೂ ನೋಡಿದ್ದೇನೆ, ಹೆಸರು ಹೇಳೋದಿಲ್ಲ, ಇಲ್ಲೇ ಕೂತಾರ!

ಈಗ ಪ್ರೈವೇಟಿನ ಮಾತು. ನಮ್ಮ ಓಣಿಯ ಒಂದು ಮನೆಯವರು ಮಗನನ್ನು ಪುಣೆ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿಗೆ ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಹಾಕಿದರು. ಬಂಗಾರ ಹೋಯಿತು, ಎರಡು ಎಮ್ಮೆ ಹೋದವು, ಪತಸಂಸ್ಥೆಯ ಸಾಲ ಬಂತು. ಶಿಷ್ಯವೃತ್ತಿ ಸಿಗುತ್ತದೆ ಅಂತ ಏಜೆಂಟ್ ಹೇಳಿದ್ದ. ಸಿಗಲಿಲ್ಲ. ಸಿಗೋದೇ ಇಲ್ಲ, ನಿಯಮದಲ್ಲೇ ಇಲ್ಲ. ಮ್ಯಾನೇಜ್‌ಮೆಂಟ್ ಕೋಟಾದ ಸೀಟಿಗೆ ಪೋಸ್ಟ್ ಮ್ಯಾಟ್ರಿಕ್ ಇಲ್ಲ. ಅದೇ ಹುಡುಗ ಸಿ.ಇ.ಟಿ. ಬರೆದು ಕ್ಯಾಪ್ ಸುತ್ತಿನಲ್ಲಿ ಬಂದಿದ್ದರೆ, ಕಾಲೇಜು ಪ್ರೈವೇಟೇ ಇರಲಿ, ಶಿಷ್ಯವೃತ್ತಿಗೆ ಅರ್ಹನಾಗುತ್ತಿದ್ದ. ನಾನು ಪ್ರೈವೇಟ್ ಬ್ಯಾಡ ಅನ್ನೋದಿಲ್ಲ. ಯಾವ ಬಾಗಿಲಿನಿಂದ ಒಳಗೆ ಹೋದಿರಿ ಅನ್ನೋದು ಮುಖ್ಯ. ರಸ್ತೆಯ ಬದಿಯ ದೊಡ್ಡ ಫಲಕದಲ್ಲಿ "ಪ್ಯಾಕೇಜ್" ಅಂತ ಬರೆದ ಲಕ್ಷಗಳು ಒಬ್ಬಿಬ್ಬರದ್ದು, ಉಳಿದವರದ್ದು ಯಾರೂ ಬರೆಯೋದಿಲ್ಲ. ಆ ಹುಡುಗ ಈಗ ಹಿಂಜವಡಿ ಕಡೆ ಹದಿನಾಲ್ಕು ಸಾವಿರಕ್ಕೆ ದುಡಿಯುತ್ತಿದ್ದಾನೆ. ಪತಸಂಸ್ಥೆಯ ಹಪ್ತೆ ಇನ್ನೂ ಮುಗಿದಿಲ್ಲ.

ಹಾಗಾದರೆ ಸರ್ಕಾರಿ ಪದವಿಯಿಂದ ಏನು ಗಳಿಕೆ? ಇಲ್ಲೂ ಸಿಹಿ ಮಾತಾಡೋದಿಲ್ಲ. 2023 ರ ತಲಾಠಿ ಭರತಿ ನಿಮಗೆಲ್ಲ ನೆನಪಿದೆ. ಹುದ್ದೆ 4,644, ಅರ್ಜಿ ಹತ್ತು ಲಕ್ಷಕ್ಕಿಂತ ಮೇಲೆ. ಒಂದು ಕುರ್ಚಿಗೆ ಇನ್ನೂರಕ್ಕಿಂತ ಹೆಚ್ಚು ಪದವೀಧರರು. ಮೀಸಲಾತಿಯವರಿಗೂ ಅರ್ಜಿ ಶುಲ್ಕ 900 ರೂಪಾಯಿ, ಅಂದರೆ ಅಪ್ಪನ ಮೂರು ದಿನದ ಕೂಲಿ. ಬರೀ ಬಿ.ಎ. ಕಾಗದ ಹಿಡಿದು ನಿಂತರೆ ಆ ಸಾಲಿನಲ್ಲಿ ನಮ್ಮ ಮಕ್ಕಳು ಹಿಂದೇ ಇರುತ್ತಾರೆ. ಇದು ಸತ್ಯ.

ಆದರೆ ಪದವಿ ಇಲ್ಲದಿದ್ದರೆ ಸಾಲಿನಲ್ಲಿ ನಿಲ್ಲಲಿಕ್ಕೂ ಬಿಡೋದಿಲ್ಲ. ಎಂ.ಪಿ.ಎಸ್.ಸಿ. ರಾಜ್ಯಸೇವೆ, ಯು.ಪಿ.ಎಸ್.ಸಿ., ಬ್ಯಾಂಕಿನ ಆಫೀಸರ್ ಪರೀಕ್ಷೆ, ಇವು ಕೇಳುವುದು ಯಾವುದಾದರೂ ಮಾನ್ಯ ವಿದ್ಯಾಪೀಠದ ಪದವಿ. ನಾಲ್ಕು ಲಕ್ಷ ಕೊಟ್ಟ ಪದವಿಗೂ ಅನುದಾನಿತ ತುಕಡಿಯ ಪದವಿಗೂ ಅಲ್ಲಿ ಭೇದ ಇಲ್ಲ. ಯು.ಪಿ.ಎಸ್.ಸಿ.ಯಲ್ಲಿ ನಮಗೆ 37 ವರ್ಷದ ತನಕ ಅವಕಾಶ ಇದೆ. ಮನೆಯಲ್ಲಿ ದುಡಿಯಲೇಬೇಕು, ಕಾಲೇಜಿಗೆ ಹೋಗುವುದು ಸಾಧ್ಯವೇ ಇಲ್ಲ ಅನ್ನುವವರಿಗೆ ನಾಶಿಕದ ಯಶವಂತರಾವ ಚವ್ಹಾಣ ಮುಕ್ತ ವಿದ್ಯಾಪೀಠ ಇದೆ, ಇಗ್ನೊ ಇದೆ. ಆ ಪದವಿಯೂ ಈ ಪರೀಕ್ಷೆಗಳಿಗೆ ನಡೆಯುತ್ತದೆ. ಮುಂದೆ ಓದಿ ನೆಟ್ ಪಾಸಾಗಿ ಪರಿಶಿಷ್ಟ ಜಾತಿಯ ರಾಷ್ಟ್ರೀಯ ಫೆಲೋಶಿಪ್ ಸಿಕ್ಕರೆ 2023 ರಿಂದ ತಿಂಗಳಿಗೆ 37,000. ಆ ರೊಕ್ಕದಲ್ಲಿ ಓದಿಕೊಂಡೇ ತಮ್ಮ, ತಂಗಿಯರನ್ನು ದಡ ಹತ್ತಿಸಿದವರು ನನ್ನ ಕಣ್ಣ ಮುಂದೆ ಇದ್ದಾರೆ. ಆದರೆ ಅಲ್ಲಿಗೆ ಮುಟ್ಟಲಿಕ್ಕೆ ಏಳೆಂಟು ವರ್ಷ ಬೇಕು. ಮನೆಯವರು ಅಷ್ಟು ವರ್ಷ ತಡೆದುಕೊಳ್ಳಬಲ್ಲರೇ ಅಂತ ಮೊದಲೇ ಕೂತು ಮಾತಾಡಬೇಕು.

ಸರ್ಕಾರಿ ವಿದ್ಯಾಪೀಠದ ನಿಜವಾದ ಗಳಿಕೆ ಗುಣಪತ್ರಿಕೆಯ ಹೊರಗೂ ಇದೆ. ನನ್ನ ಗ್ರಂಥಾಲಯದಲ್ಲಿ ಮುಂಜಾನೆ ಬಾಗಿಲು ತೆರೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿರುವ ಐದಾರು ಹುಡುಗರಿದ್ದಾರೆ. ಅವರಿಗೆ ಮನೆಯಲ್ಲಿ ಓದಲಿಕ್ಕೆ ಜಾಗ ಇಲ್ಲ, ದೀಪ ಇಲ್ಲ, ಸದ್ದು ನಿಲ್ಲುವುದಿಲ್ಲ. ಇಲ್ಲಿ ಫ್ಯಾನಿದೆ, ಪೇಪರಿದೆ, ಮೇಲೆ ಒಬ್ಬರನ್ನೊಬ್ಬರು ನೋಡಿ ಓದುತ್ತಾರೆ. ಆದರೆ ಇದೂ ತಾನಾಗಿ ಸಿಗುವುದಿಲ್ಲ. ಎಷ್ಟೋ ವಿಭಾಗಗಳಲ್ಲಿ ಹುದ್ದೆ ಖಾಲಿ ಬಿದ್ದಿವೆ, ತಾಸಿನ ಲೆಕ್ಕದ ಮಾಸ್ತರರ ಮೇಲೆ ತರಗತಿ ನಡೀತಾವ. ಹೆಸರು ಹಚ್ಚುವ ಮೊದಲು ಆ ವಿಭಾಗದಲ್ಲಿ ಪೂರ್ಣ ವೇಳೆಯ ಪ್ರಾಧ್ಯಾಪಕರು ಎಷ್ಟು ಮಂದಿ, ಗ್ರಂಥಾಲಯ ಎಷ್ಟರ ತನಕ ತೆರೆದಿರುತ್ತದೆ, ವಸತಿಗೃಹ ಎಷ್ಟು ದೂರ, ಹೋಗಿ ನೋಡಿ ಬರ್ರಿ. ಎತ್ತು ಕೊಳ್ಳುವಾಗ ಹಲ್ಲು ಎಣಿಸುತ್ತೀರಿ, ಕಾಲೇಜಿಗೆ ಮಾತ್ರ ಕಣ್ಣು ಮುಚ್ಚಿ ಹೋಗುತ್ತೀರಿ.

ಬಾಬಾಸಾಹೇಬರ ಓದಿನ ಲೆಕ್ಕವನ್ನೂ ಒಮ್ಮೆ ನೋಡೋಣ. ನಾವು ಅವರ ಪದವಿಗಳ ಹೆಸರು ಬಾಯಿಪಾಠ ಹೇಳುತ್ತೇವೆ, ಅದರ ಹಿಂದಿನ ರೊಕ್ಕದ ಮಾತು ಆಡುವುದಿಲ್ಲ. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಬಿ.ಎ. ಓದುವಾಗ ಬಡೋದೆಯ ಸಯಾಜಿರಾವ್ ಮಹಾರಾಜರಿಂದ ತಿಂಗಳಿಗೆ 25 ರೂಪಾಯಿ. 1913 ರಲ್ಲಿ ಕೊಲಂಬಿಯಾಕ್ಕೆ ಹೋಗುವಾಗ ತಿಂಗಳಿಗೆ ಹನ್ನೊಂದೂವರೆ ಪೌಂಡು, ಅದೂ ಪುಕ್ಕಟೆ ಅಲ್ಲ. ಓದು ಮುಗಿದ ಮೇಲೆ ಹತ್ತು ವರ್ಷ ಬಡೋದೆ ಸಂಸ್ಥಾನದ ಚಾಕರಿ ಮಾಡಬೇಕು ಅಂತ ಕರಾರು. 1917 ರಲ್ಲಿ ಆ ಚಾಕರಿಗೆ ಹೋದರೆ ಇರಲಿಕ್ಕೆ ಮನೆ ಸಿಗಲಿಲ್ಲ, ಮುಂದಿನದು ನಿಮಗೆ ಗೊತ್ತು. ಲಂಡನ್ನಿನ ಓದು ಅರ್ಧಕ್ಕೆ ನಿಂತಿತ್ತು. 1918 ರಲ್ಲಿ ಮುಂಬೈಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಅದು ಸರ್ಕಾರಿ ಕಾಲೇಜು. ಆ ಪಗಾರದಲ್ಲಿ ಉಳಿಸಿ, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಗೆಳೆಯರ ಕೈಗಡ ಕೂಡಿಸಿ 1920 ರಲ್ಲಿ ಮತ್ತೆ ಲಂಡನ್ನಿಗೆ ಹೋದರು. ಓದಿನ ನಡುವೆ ರೊಕ್ಕ ನಿಲ್ಲುವುದು ಅವರಿಗೂ ತಪ್ಪಲಿಲ್ಲ ನೋಡ್ರಿ.

ಇನ್ನು ನಮ್ಮ ಗಡಿಯವರದೇ ಒಂದು ವಿಷಯ. ಇದನ್ನು ಸ್ವಲ್ಪ ಗಮನಕೊಟ್ಟು ಕೇಳಿರಿ.

ವಾಗದರಿ ದಾಟಿದರೆ ಆಳಂದ ತಾಲೂಕು, ಆಳಂದ ದಾಟಿದರೆ ಕಡಗಂಚಿ. ಅಲ್ಲಿ 2009 ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಅದರಾಚೆ ಕಲಬುರಗಿಯಲ್ಲಿ 1980 ರ ಗುಲಬರ್ಗಾ ವಿಶ್ವವಿದ್ಯಾಲಯ. ಎರಡೂ ಸರ್ಕಾರದವೇ. ಎರಡರಲ್ಲೂ ನಮ್ಮ ಕನ್ನಡ. ನಮ್ಮ ಬೀಗರೂ ಆ ಕಡೆಯವರೇ. ಹಾಗಾಗಿ ಎರಡೂ ಒಂದೇ ಅಂತ ಅನಿಸುತ್ತದೆ. ನಮಗೆ ಎರಡೂ ಒಂದೇ ಅಲ್ಲ.

ಪರಿಶಿಷ್ಟ ಜಾತಿಯ ಯಾದಿ ರಾಜ್ಯ ರಾಜ್ಯಕ್ಕೆ ಬೇರೆ. ಒಂದು ರಾಜ್ಯದ ಪರಿಶಿಷ್ಟ ಜಾತಿಯವನು ಇನ್ನೊಂದು ರಾಜ್ಯಕ್ಕೆ ಹೋದರೆ ಅಲ್ಲಿಯ ರಾಜ್ಯದ ಮೀಸಲಾತಿ ಸಿಗುವುದಿಲ್ಲ ಅಂತ 1990 ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿಬಿಟ್ಟಿದೆ. ಆದ್ದರಿಂದ ಅಕ್ಕಲಕೋಟೆ ತಹಸೀಲಿನ ಜಾತಿ ದಾಖಲಾ ಹಿಡಿದು ಗುಲಬರ್ಗಾ ವಿಶ್ವವಿದ್ಯಾಲಯಕ್ಕೆ ಹೋದರೆ ಅಲ್ಲಿ ನೀವು ಸಾಮಾನ್ಯ ವರ್ಗ. ಮೇಲೆ 371 ಜೆ ಪ್ರಕಾರ ಆ ಭಾಗದ ಸ್ಥಳೀಯರ ಮೀಸಲಾತಿಯೂ ಇದೆ, ಅದರಲ್ಲೂ ನಾವು ಇಲ್ಲ. ಆದರೆ ಕಡಗಂಚಿಯದು ಕೇಂದ್ರದ್ದು. ಅಲ್ಲಿ ಪರಿಶಿಷ್ಟ ಜಾತಿಗೆ ನೂರಕ್ಕೆ 15 ಸೀಟು ಇಡೀ ದೇಶದವರಿಗೆ. ಮಹಾರಾಷ್ಟ್ರದ ನಮ್ಮ ದಾಖಲಾ ಕೇಂದ್ರದ ನಮೂನೆಯಲ್ಲಿದ್ದರೆ ಅಲ್ಲಿ ನಡೆಯುತ್ತದೆ. ಪೋಸ್ಟ್ ಮ್ಯಾಟ್ರಿಕ್ ಕೂಡ ತವರು ರಾಜ್ಯವೇ ಕೊಡಬೇಕು, ಹೊರಗೆ ಓದಿದರೂ. ಪ್ರವೇಶಕ್ಕೆ ಸಿ.ಯು.ಇ.ಟಿ. ಪರೀಕ್ಷೆ. ಅದನ್ನು ಕನ್ನಡದಲ್ಲೂ ಬರೆಯಬಹುದು, ಮರಾಠಿಯಲ್ಲೂ ಬರೆಯಬಹುದು. ಕನ್ನಡ ಸಾಲಿಯಲ್ಲಿ ಕಲಿತ ನಮ್ಮ ಮಕ್ಕಳಿಗೆ ಇದಕ್ಕಿಂತ ಅನುಕೂಲ ಇನ್ನೇನು? ಆದರೆ ಅದರ ಅರ್ಜಿ ಬಾರಾವಿ ಪರೀಕ್ಷೆಯ ಹೊತ್ತಿಗೇ ತುಂಬಬೇಕು. ನಿಕಾಲು ಬಂದ ಮೇಲೆ ಎಚ್ಚರಾದರೆ ಅದು ಹೋದ ವರ್ಷದ ಮಾತು. ಈ ಹನ್ನೊಂದು ಮಂದಿಯಲ್ಲಿ ಒಬ್ಬಳೇ ಹುಡುಗಿ ಅದನ್ನು ಬರೆದಿದ್ದಾಳೆ. ಈಗ ಹನ್ನೊಂದನೆಯದರಲ್ಲಿರುವವರು ಇದನ್ನು ಬರೆದಿಟ್ಟುಕೊಳ್ಳಿ.

ಆಚೆಯಿಂದ ಲಗ್ನವಾಗಿ ಬಂದ ಸೊಸೆಯಂದಿರಿಗೂ ಇದೇ ಕಟ್ಟಳೆ. ಇಂಡಿಯಿಂದ, ಅಫಜಲಪುರದಿಂದ ಬಂದವರ ಜಾತಿ ದಾಖಲಾ ತಂದೆಯ ಕಡೆಯದು. ಅದರ ಮೇಲೆ ಮಹಾರಾಷ್ಟ್ರದ ನೌಕರಿಯ ಮೀಸಲಾತಿ ಕೇಳಲಿಕ್ಕೆ ಬರುವುದಿಲ್ಲ. ಕೇಂದ್ರದ ಪರೀಕ್ಷೆಗಳಲ್ಲಿ ನಡೆಯುತ್ತದೆ. ಬಿ.ಎಡ್. ಮಾಡಿ ಮನೆಯಲ್ಲಿ ಕೂತ ಎರಡು ಮೂರು ಸೊಸೆಯಂದಿರು ಈ ಸಭೆಯಲ್ಲೇ ಇದ್ದೀರಿ. ಕೇಂದ್ರದ ಸಿ-ಟೆಟ್, ಕೇಂದ್ರೀಯ ವಿದ್ಯಾಲಯಗಳ ಕಡೆ ನೋಡ್ರಿ ಅಂತ ಹೇಳುತ್ತೇನೆ.

ಇಲ್ಲಿಯದೇ ಮೀಸಲಾತಿಯಲ್ಲಿ ಎಂಜಿನಿಯರಿಂಗ್, ಫಾರ್ಮಸಿಯಂಥ ವ್ಯಾವಸಾಯಿಕ ಕೋರ್ಸಿಗೆ ಹೋಗುವವರಿಗೆ ಜಾತ ಪಡತಾಳಣಿ ಪ್ರಮಾಣಪತ್ರ ಬೇಕು. ಅದಕ್ಕೆ 1950 ರ ಆಗಸ್ಟ್ 10 ಕ್ಕಿಂತ ಮೊದಲಿನಿಂದ ನಮ್ಮ ಮನೆತನ ಇಲ್ಲಿಯದೇ ಅನ್ನುವ ಪುರಾವೆ ಕೇಳುತ್ತಾರೆ. ಅಜ್ಜ ಸಾಲಿಗೆ ಹೋಗಿದ್ದರೆ ಸಾಲಿಯ ರಜಿಸ್ಟರಿನ ಉತಾರ. ಹೋಗದಿದ್ದರೆ? ನಮ್ಮ ಎಷ್ಟು ಅಜ್ಜಂದಿರನ್ನು ಸಾಲಿಯ ಒಳಗೆ ಬಿಟ್ಟಿದ್ದರು! ಜನನ ಮರಣ ನೋಂದಿ, ಹೊಲದ ಹಳೆಯ ಕಾಗದ ಹುಡುಕಬೇಕು. ಅಕ್ಕಲಕೋಟೆ ಸಂಸ್ಥಾನದ ಕಾಲದವು ಕೆಲವು ಮೋಡಿಯಲ್ಲಿವೆ, ಓದುವವರನ್ನು ಹುಡುಕಬೇಕು. ಅದರಲ್ಲೂ ಅಕ್ಷರದ ಗೋಳು. ಮಹಾರಾಷ್ಟ್ರದ ಯಾದಿಯಲ್ಲಿ ಹೋಲಾರ ಬೇರೆ, ಹೊಲೆಯ ಬೇರೆ. ಕನ್ನಡ ಸಾಲಿಯ ಮಾಸ್ತರು ಒಂದು ಬರೆದರು, ಮರಾಠಿ ಕಾರಕೂನ ಇನ್ನೊಂದು ಬರೆದ, ಮೊಮ್ಮಗನ ಸೀಟು ಹೋಯಿತು. ಈ ಕೆಲಸ ಬಾರಾವಿ ಆದ ಮೇಲೆ ಹದಿನೈದು ದಿನದಲ್ಲಿ ಆಗುವುದಿಲ್ಲ. ಹತ್ತನೆಯದು ಮುಗಿದ ಸುಟಿಯಲ್ಲೇ ಸುರು ಮಾಡ್ರಿ. ಒಂದು ಮನೆಯಲ್ಲಿ ಒಬ್ಬನಿಗೆ ಆಯಿತು ಅಂದರೆ ತಮ್ಮ, ತಂಗಿ, ಕಾಕಾನ ಮಕ್ಕಳಿಗೆ ದಾರಿ ಸಲೀಸು.

ಕೊನೆಗೆ ಸಂಘಕ್ಕೆ ಒಂದು ಮಾತು. ಹಿಂದೆ ನಿಂತವರು ಸಿಟ್ಟಾಗುತ್ತೀರಿ ಅಂತ ಗೊತ್ತು. ಏಪ್ರಿಲ್ 14 ರ ವರ್ಗಣಿಯಲ್ಲಿ ಡಿಜೆಗೆ ಎಷ್ಟು ಹೋಗುತ್ತದೆ ಅಂತ ಖಜಾಂಚಿಯವರು ನನಗೆ ಹೇಳಿದ್ದಾರೆ, ಇಲ್ಲಿ ಹೇಳೋದಿಲ್ಲ. ಜಯಂತಿ ಬೇಡ ಅಂತ ಯಾರೂ ಅನ್ನೋದಿಲ್ಲ. ಮೆರವಣಿಗೆ ಇರಲಿ, ಹಲಗೆ ನಮ್ಮದೇ ಇದೆ, ಹುಡುಗರಿಗೆ ಬಾರಿಸಲಿಕ್ಕೂ ಬರುತ್ತದೆ. ಡಿಜೆಯ ರೊಕ್ಕವನ್ನು ಈ ವರ್ಷ ಬೇರೆ ಖಾತೆಯಲ್ಲಿ ಇಡೋಣ. ಜುಲೈಯಿಂದ ಶಿಷ್ಯವೃತ್ತಿ ಬರುವ ತನಕ ಬಸ್ ಪಾಸು, ಮೆಸ್ಸು, ಪರೀಕ್ಷಾ ಶುಲ್ಕಕ್ಕೆ ಅದರಿಂದ ಕೈಗಡ ಕೊಡೋಣ. ಬಡ್ಡಿ ಇಲ್ಲ. ರೊಕ್ಕ ಖಾತೆಗೆ ಬಿದ್ದ ಮೇಲೆ ಭತ್ತೆಯಿಂದ ವಾಪಸ್ ಕೊಡಬೇಕು, ಸ್ವಾಧಾರ ಬಂದವರು ಅದರಿಂದ ಕೊಡಬೇಕು. ಲೆಕ್ಕ ಇಡಲಿಕ್ಕೆ ಇಬ್ಬರು ಹುಡುಗಿಯರಿರಲಿ. ಅವರು ಡಿಸೆಂಬರಿನಲ್ಲಿ ಒಮ್ಮೆ ಎಲ್ಲ ಹನ್ನೊಂದು ಮನೆಗೂ ಹೋಗಿ ಕೇಳಿ ಬರಲಿ, ಯಾರದ್ದು ಎಲ್ಲಿ ಅಡ್ಡಿಯಾಗಿದೆ ಅಂತ. ಆಗ ಜನವರಿಯಲ್ಲಿ ನನ್ನ ಮೇಜಿನ ಮುಂದೆ ಬಂದು ನಿಲ್ಲುವವರು ಕಡಿಮೆಯಾದಾರು.

ಬರುವ ರವಿವಾರ ಮುಂಜಾನೆ ಹತ್ತಕ್ಕೆ ನಾನು ಇಲ್ಲೇ ಸಮಾಜಮಂದಿರದಲ್ಲಿ ಕೂತಿರುತ್ತೇನೆ. ಬರುವಾಗ ಹತ್ತನೆಯ, ಬಾರಾವಿಯ ಗುಣಪತ್ರಿಕೆ, ಸಾಲಿ ಬಿಟ್ಟ ದಾಖಲಾ, ತಹಸೀಲದಾರರ ಉತ್ಪನ್ನದ ದಾಖಲಾ, ಜಾತಿ ದಾಖಲಾ, ರಹಿವಾಸಿ ದಾಖಲಾ, ಆಧಾರ್ ಜೋಡಿಸಿದ ಬ್ಯಾಂಕ್ ಪಾಸ್‌ಬುಕ್ ತರ್ರಿ. ಎಲ್ಲದರದ್ದೂ ಎರಡೆರಡು ಝೆರಾಕ್ಸ್. ಅಜ್ಜನ ಹಳೆಯ ಕಾಗದ ಏನಿದ್ದರೂ, ಹರಿದಿದ್ದರೂ, ತರ್ರಿ. ಬೆಂಡೋಲಿ ಮಾತ್ರ ಕಿವಿಯಲ್ಲೇ ಇರಲಿ ಅವ್ವಾ, ಸದ್ಯಕ್ಕೆ ಅದು ಬೇಕಾಗುವುದಿಲ್ಲ.

ಜೈ ಭೀಮ್.